ಕರೆಯೋಕೆ ಬರೋ ಕನ್ನಮ್ಮಕ್ಕ

ನಮ್ಮ ಬಡಾವಣೆ ಸಾಗರದಿಂದ ಸ್ವಲ್ಪ ಹೊರಗೆ, ಸಿಗಂದೂರಿಗೆ ಹೋಗೋ ರಸ್ತೆ ಪಕ್ಕ ಇದೆ. ಮೂರು ಕ್ರಾಸು, ಅರವತ್ತು ಚಿಲ್ಲರೆ ಮನೆ. ಒಳಗೆ ಬರೋ ಬಾಯಲ್ಲೇ ನಂದೊಂದು ಪಂಚರ್ ಅಂಗಡಿ. ಕೂತಲ್ಲೇ ಯಾರು ಹೋದ್ರು, ಯಾರು ಬಂದ್ರು ಎಲ್ಲ ಕಾಣುತ್ತೆ. ಅದ್ರಲ್ಲಿ ದಿನಾ ಕಾಣೋರು ಕನ್ನಮ್ಮಕ್ಕ.

ಅವರ ತವರು ತುಮರಿ ಕಡೆ. ಗಂಡ ಶೇಷಪ್ಪ ಅಡಿಕೆ ಮಂಡೀಲಿ ಮೂಟೆ ಹೊರ್ತಾನೆ. ಕನ್ನಮ್ಮಕ್ಕ ನಾಕು ಮನೇಲಿ ಪಾತ್ರೆ ತೊಳೀತಾರೆ. ಆದ್ರೆ ಬಡಾವಣೇಲಿ ಅವರಿಗೆ ಹೆಸರು ಬಂದಿರೋದು ಪಾತ್ರೆಯಿಂದ ಅಲ್ಲ, ಕರೆಯೋದ್ರಿಂದ.

ನಮ್ ಕಡೆ ಮದುವೆ, ಸೀಮಂತ ಏನೇ ಇರ್ಲಿ, ಮನೆ ಹೆಂಗಸ್ರು ಕುಂಕುಮದ ಭರಣಿ ಹಿಡ್ಕೊಂಡು ಮನೆಮನೆಗೆ ಹೋಗಿ ಕರೀಬೇಕು. ಫೋನಲ್ಲಿ ಕರೆದ್ರೆ ವಯಸ್ಸಾದೋರು ಬರಲ್ಲ. ಎರಡನೇ ಕ್ರಾಸಿನ ಜೈನರ ಮನೆ ಜ್ವಾಲಾಮಾಲಿನಿ ಅಮ್ಮ ಅಂತೂ, "ಫೋನಲ್ಲಿ ಕರೆದೋರ ಮನೇಲಿ ಫೋನಲ್ಲೇ ಊಟ ಮಾಡ್ತೀನಿ ಬಿಡು" ಅಂತಾರೆ. ಎಂಟು ವರ್ಷದ ಹಿಂದೆ ಅವರ ಮಗಳ ಸೀಮಂತಕ್ಕೆ ಮಂಡಿ ನೋವು ಜೋರಾಗಿ, ಪಾತ್ರೆ ತೊಳೀತಿದ್ದ ಕನ್ನಮ್ಮಕ್ಕನ ಕೈಗೆ ಭರಣಿ ಕೊಟ್ಟು, "ನೀ ಹೋದ್ರೆ ನಾ ಹೋದ ಹಂಗೇ, ಹೋಗ್ಬಾ" ಅಂದ್ರು. ಅವತ್ತಿಂದ ಎಲ್ಲರ ಮನೆಗೂ ಇವರೇ. ಹೆಂಗಸ್ರೆಲ್ಲ ಕೆಲಸಕ್ಕೆ ಹೋಗೋರು, ಪುರುಸೊತ್ತಿಲ್ಲ.

ಕನ್ನಮ್ಮಕ್ಕ ಗೇಟಲ್ಲಿ ನಿಂತು ಕೂಗೋರಲ್ಲ. ಹೊಸಿಲ ತನಕ ಹೋಗಿ, ಮನೇಲಿ ಯಾರು ದೊಡ್ಡೋರೋ ಅವರಿಗೆ ಮೊದಲು ಕುಂಕುಮ ಕೊಡ್ತಾರೆ. ಯಾರ ಮನೇಲಿ ಸೂತಕ ಇದೆ, ಯಾವ ಅತ್ತೆ ಸೊಸೆಗೆ ಬೇರೆ ಬೇರೆ ಕರೀಬೇಕು, ಎಲ್ಲ ಗೊತ್ತು. ರಾತ್ರಿ ಉಣ್ಣದ ಜೈನರ ಮನೇಲಿ, "ಹೊತ್ತು ಮುಳುಗೋಕೆ ಮುಂಚೆ ಬಡಿಸ್ತಾರಮ್ಮ" ಅಂತ ಸೇರಿಸಿ ಹೇಳ್ತಾರೆ.

ಹೋದ ಬೇಸಿಗೇಲಿ ಅವರದ್ದೇ ಮನೆ ಆಯ್ತು. ಮೂರನೇ ಕ್ರಾಸು ಮುಗಿದ ಮೇಲೆ ಇಳಿಜಾರಲ್ಲಿ ಒಂದು ಸೈಟು, ಎರಡು ಕೋಣೆ, ಮೇಲೆ ಶೀಟು. ಶುಕ್ರವಾರ ಗೃಹಪ್ರವೇಶ ಅಂತ ಇಟ್ಕೊಂಡ್ರು. ಇಡೀ ಬಡಾವಣೆ ಕರೀತೀನಿ ಅಂದಾಗ ಶೇಷಪ್ಪ ಬೇಡ ಅಂದನಂತೆ.

"ಅವರು ನಿನ್ನ ಕೈಲಿ ಕರೆಸ್ತಾರೆ. ನೀ ಕರೆದ್ರೆ ಬರ್ತಾರೆ ಅಂದ್ಕೊಂಡಿದೀಯಾ? ನಮ್ಮನೆ ಅನ್ನ ಉಣ್ತಾರಾ?"

"ಬರ್ತಾರೆ. ನಾ ಎಲ್ಲರ ಹೊಸಿಲೂ ತುಳಿದೋಳು."

ಮನೆಗೊಬ್ರು ಬಂದ್ರೂ ಸಾಕು ಅಂತ ಅರವತ್ತು ಜನಕ್ಕೆ ಅಡಿಗೆ ಗಟ್ಟಿ ಮಾಡಿದ್ರು.

ಬುಧವಾರ ನಮ್ಮನೆಗೂ ಬಂದ್ರು. ನನ್ನ ಹೆಂಡತಿ ಮಂಜುಶ್ರೀ ಹಿಟ್ಟು ಕಲಸ್ತಿದ್ಲು. ಕನ್ನಮ್ಮಕ್ಕ ಕುಂಕುಮ ಹಿಡಿದು, ಯಾವತ್ತೂ ಹೇಳೋ ಹಂಗೇ ಹೇಳಿದ್ರು. "ಶುಕ್ರವಾರ ಗೃಹಪ್ರವೇಶ. ಮಧ್ಯಾಹ್ನ ಊಟಕ್ಕೆ ಮನೆಯೋರೆಲ್ಲ ಬರಬೇಕು." ಆಮೇಲೆ ಇನ್ನೂ ಏನೋ ಹೇಳೋರ ಹಂಗೆ ಸ್ವಲ್ಪ ಹೊತ್ತು ನಿಂತಿದ್ರು. ಇವಳು, "ಆಯ್ತು ಕನ್ನಮ್ಮಕ್ಕ, ಬರ್ತೀವಿ ಅಂತ ಹೇಳಿ" ಅಂದ್ಲು. ಅವರು ಹೋದ್ರು.

"ಯಾರ ಮನೇದು?" ಅಂತ ನಾ ಕೇಳ್ದೆ.

"ಜೈನರ ಸಿದ್ಧಾರ್ಥ್ ಅವರದ್ದೇ. ಹೊಸ ಮನೆಗೆ ಬಣ್ಣ ಹೊಡೀತಿದಾರಲ್ಲ ಮೂರನೇ ಕ್ರಾಸಲ್ಲಿ."

ನಾನೂ ಹೌದು ಅಂದ್ಕೊಂಡೆ. ಬಡಾವಣೆಯೋರೆಲ್ಲ ಹಂಗೇ ಅಂದ್ಕೊಂಡಿದ್ರು. ಯಾರದ್ದು ಅಂತ ಅವರನ್ನ ಒಬ್ರೂ ಕೇಳಿರ್ಲಿಲ್ಲ.

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಸಿದ್ಧಾರ್ಥ್ ಅವರ ಗೇಟ್ ಮುಂದೆ ಎಪ್ಪತ್ತು ಜನ. ಹೆಂಗಸ್ರು ರೇಷ್ಮೆ ಸೀರೆ, ಕೈಯಲ್ಲಿ ಉಡುಗೊರೆ. ಚಪ್ಪರ ಇಲ್ಲ, ಹೊಗೆ ಇಲ್ಲ. ಒಳಗಿಂದ ಸಿದ್ಧಾರ್ಥ್ ಬಂದ್ರು, ಹಳೇ ಬನೀನು, ಮೈಯೆಲ್ಲ ಸುಣ್ಣ.

"ಏನ್ ಎಲ್ರೂ ಒಟ್ಟಿಗೆ ಬಂದ್ರಿ?"

"ಊಟಕ್ಕೆ ಕರೆದು ಹಿಂಗ್ ಕೇಳ್ತೀಯಲ್ಲೋ ಮಾರಾಯಾ!" ಅಂದ್ರು ಗೋಪಾಲಪ್ಪ. ಮೊದಲನೇ ಕ್ರಾಸಿನೋರು, ಊಟದ ವಿಷಯದಲ್ಲಿ ಯಾವತ್ತೂ ಲೇಟಾಗಲ್ಲ.

"ನಮ್ಮನೇದು ಮುಂದಿನ ತಿಂಗಳು! ಇನ್ನೂ ಕಿಟಕಿ ಕೂರಿಸಿಲ್ಲ."

"ಮತ್ತೆ ಕನ್ನಮ್ಮ ಬಂದು ಕರೆದ್ಲಲ್ಲ?"

ಒಬ್ಬರ ಮುಖ ಒಬ್ರು ನೋಡಿದ್ರು. ಆಗ ಹಿಂದೆ ಕೋಲು ಹಿಡ್ಕೊಂಡು ನಿಂತಿದ್ದ ಜ್ವಾಲಾಮಾಲಿನಿ ಅಮ್ಮ ಮೆಲ್ಲಗೆ ಅಂದ್ರು, "ಅವಳು ಕೆಳಗಡೆ ಮನೆ ಕಟ್ತಿದ್ಲು. ಮುಗೀತಾ ಅಂತ ನಾ ಕೇಳ್ಲೇ ಇಲ್ಲ. ದಿನಾ ನನ್ನ ಅಡಿಗೆಮನೇಲೇ ಇರ್ತಾಳೆ."

ಮಂಜುಶ್ರೀ ನನ್ನ ಮುಖ ನೋಡಿ ತಲೆ ತಗ್ಗಿಸಿದ್ಲು.

ಗೋಪಾಲಪ್ಪ, "ನಂಗೆ ಸ್ವಲ್ಪ ಕೆಲಸ ಇದೆ" ಅಂತ ಉಡುಗೊರೆ ಕಂಕುಳಲ್ಲಿ ಇಟ್ಕೊಂಡು ತಿರುಗಿದ್ರು. ಅವರ ಜೊತೆ ಇನ್ನೊಂದು ಐದಾರು ಜನ ಹೋದ್ರು. ಉಳಿದೋರು ಇಳಿಜಾರು ಇಳಿದ್ವಿ. ರಸ್ತೆ ಆಗಿಲ್ಲ, ಬರೀ ಕೆಮ್ಮಣ್ಣು. ಜ್ವಾಲಾಮಾಲಿನಿ ಅಮ್ಮನ್ನ ನಾನೂ ಸಿದ್ಧಾರ್ಥೂ ಒಂದೊಂದು ಕೈ ಹಿಡ್ಕೊಂಡ್ವಿ. ಸಿದ್ಧಾರ್ಥ್ ಮೈಮೇಲಿನ ಸುಣ್ಣ ತೊಳ್ಕೊಳ್ಳೋಕೂ ಹೋಗಿರ್ಲಿಲ್ಲ.

ಅಂಗಳದಲ್ಲಿ ಸೋಗೆ ಚಪ್ಪರ. ಉದ್ದಕ್ಕೂ ಬಾಳೆ ಎಲೆ ಹಾಸಿತ್ತು, ಬಿಸಿಲಿಗೆ ಅಂಚು ಸುರುಳಿ ಸುತ್ತಿತ್ತು. ತುಮರಿಯಿಂದ ಬಂದ ಅಣ್ಣನ ಮನೆಯೋರು ನಾಕು ಜನ ಮೂಲೇಲಿ ಕೂತಿದ್ರು. ಶೇಷಪ್ಪ ಬಗ್ಗಿ ಎಲೆ ಎತ್ತೋಕೆ ಶುರು ಮಾಡಿದ್ದ. ಕನ್ನಮ್ಮಕ್ಕ ಬಾಗಿಲಲ್ಲಿ ನಿಂತು, "ಇನ್ನೊಂದ್ ಚೂರು ಇರಿ" ಅಂತಿದ್ರು. ನಮ್ಮನ್ನ ನೋಡಿದ್ರು. ಕೈ ಸೀರೆಗೆ ಒರೆಸ್ಕೊಂಡ್ರು.

ಮಂಜುಶ್ರೀ, "ಬಿಸಿಲು ಜೋರಲ್ವಾ, ಅದಕ್ಕೇ ಸ್ವಲ್ಪ..." ಅಂತ ಶುರು ಮಾಡಿದ್ಲು.

ಜ್ವಾಲಾಮಾಲಿನಿ ಅಮ್ಮ ತಡೆದ್ರು. "ಸುಳ್ಳು ಯಾಕೆ? ನಾವೆಲ್ಲ ಇವನ ಮನೆ ಮುಂದೆ ನಿಂತಿದ್ವಿ ಕನ್ನಮ್ಮಾ. ನಿಂದು ಅಂತ ಒಬ್ರಿಗೂ ಹೊಳೀಲಿಲ್ಲ."

ಕನ್ನಮ್ಮಕ್ಕ ಕಣ್ಣು ನೆಲಕ್ಕೆ ಹಾಕಿದ್ರು. "ನಾನೂ ಹೇಳ್ಲಿಲ್ಲಮ್ಮ. ನಮ್ಮನೇದು ಅನ್ನೋಕೆ ನಾಲಿಗೇನೇ ಏಳ್ಲಿಲ್ಲ. ಯಾರಾದ್ರೂ ಕೇಳ್ತಾರೆ, ಆಗ ಹೇಳೋಣ ಅಂದ್ಕೊಂಡೆ."

ಆಮೇಲೆ ಕನ್ನಮ್ಮಕ್ಕನೇ ಅಂದ್ರು, "ಅಮ್ಮಾ, ನಿಮಗೆ ಅಂತ ಬೇರೆ ಒಲೆ ಹೂಡಿ ಮಾಡಿದೀನಿ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಯಾವ್ದೂ ಹಾಕಿಲ್ಲ. ಪಾತ್ರೆ ಹೊಸದು. ಉಣ್ತೀರಾ?"

ಆ ಅಮ್ಮ ತಮ್ಮೋರ ಮನೆ ಬಿಟ್ಟು ಬೇರೆ ಕಡೆ ಒಂದು ಲೋಟ ನೀರೂ ಕುಡಿದೋರಲ್ಲ. ಇಡೀ ಬಡಾವಣೆಗೆ ಗೊತ್ತು. ಶೇಷಪ್ಪ ಎತ್ತಿದ ಎಲೆ ಕೈಯಲ್ಲೇ ಹಿಡ್ಕೊಂಡು ನೋಡ್ತಾ ನಿಂತಿದ್ದ.

"ನೀರು ಸೋಸಿದೀಯಾ?"

"ನಿಮ್ಮೆದುರೇ ಸೋಸ್ತೀನಿ."

ಕೊಡದ ಬಾಯಿಗೆ ಬಿಳೀ ಬಟ್ಟೆ ಎರಡು ಮಡಿಕೆ ಹಾಕಿ ಸೋಸಿದ್ರು. ಅಮ್ಮ ನಿಂತು ನೋಡಿದ್ರು. ಆಮೇಲೆ ನನ್ನ ಭುಜ ಹಿಡ್ಕೊಂಡು, "ಕೆಳಗೆ ಕೂತ್ರೆ ಏಳೋಕಾಗಲ್ಲ, ಒಂದ್ ಕುರ್ಚಿ ಕೊಡು ಶೇಷಪ್ಪ. ಎಲೆ ಯಾಕ್ ಎತ್ತಿದೀಯಾ? ಹಾಕು" ಅಂದ್ರು. ಶೇಷಪ್ಪ ಎಲೆ ವಾಪಸ್ ಹಾಸಿ ನೀರು ಚಿಮುಕಿಸ್ದ. ಅಮ್ಮ ಅನ್ನ, ತೊವ್ವೆ ಎರಡೇ ಉಂಡ್ರು. ಉಂಡ್ರು ಅನ್ನೋದೇ ದೊಡ್ಡದು. ಅವರು ಕೂತ ಮೇಲೆ ಇನ್ಯಾರೂ ಅನುಮಾನ ಮಾಡ್ಲಿಲ್ಲ.

ಹೋಗಿದ್ದ ಐದಾರು ಜನದಲ್ಲಿ ಇಬ್ರು ವಾಪಸ್ ಬಂದ್ರು. ಗೋಪಾಲಪ್ಪ ಬರ್ಲಿಲ್ಲ. ಈಗ್ಲೂ ಕನ್ನಮ್ಮಕ್ಕನ್ನ ಕಂಡ್ರೆ ಆ ಕಡೆ ನೋಡ್ತಾರೆ.

ಮನೆಯೋರು ಕೂತಿದ್ದು ಮೂರನೇ ಪಂಕ್ತಿಗೆ. ಕನ್ನಮ್ಮಕ್ಕ ಬೇಡ ಬೇಡ ಅಂದ್ರೂ ಮಂಜುಶ್ರೀ ಸೌಟು ಕಿತ್ಕೊಂಡು ಕೂರಿಸಿದ್ಲು. ಬಡಿಸ್ತಾ ಬಡಿಸ್ತಾ ಪಾಯಸದ ಪಾತ್ರೆ ಓರೆ ಮಾಡಿ ನೋಡಿ ಪೆಚ್ಚಾದ್ಲು.

"ಕನ್ನಮ್ಮಕ್ಕ, ಪಾಯಸ ಖಾಲಿ ಆಗ್ಬಿಟ್ಟಿದೆ. ನಿಮಗೇ ಇಲ್ಲ."

"ಖಾಲಿ ಆಗ್ಲಿ ಅಂತಾನೇ ಮಾಡಿದ್ದು ಮಾರಾಯ್ತಿ," ಅಂದ್ರು ಕನ್ನಮ್ಮಕ್ಕ. "ಸಾರು ಹಾಕು, ಹಸಿವಾಗಿದೆ."