ಟ್ಯಾಂಕಿನ ಅಡಿಯ ಮಿಂಚುಹುಳ

ಮಕ್ಕಳೇ, ಮೊನ್ನೆ ಮಧ್ಯಾಹ್ನ ಅಜ್ಜನ ಹಳೇ ಬೈಕಿಗೆ ಕಿಕ್ ಹೊಡೆದು ಹೊಡೆದು ಸುಸ್ತಾದಿರಿ. "ಪ್ಲಗ್ಗಲ್ಲಿ ಕಿಡಿ ಬರುತ್ತೆ, ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ" ಎಂದಿರಿ. ನಿಮ್ಮ ಗೆಳೆಯರೆಲ್ಲ ಇದ್ದರು, ನನಗೆ ಬಾಯಿಬಿಡಲು ಸಂಕೋಚವಾಯಿತು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನಿಮ್ಮಪ್ಪ ಆಗ ಸ್ಕೂಲಿಗೆ ಹೋಗುತ್ತಿದ್ದ. ನಾನೂ ಅಜ್ಜನೂ ತಿತಿಮತಿಯ ನಮ್ಮಕ್ಕನ ಮನೆಯಿಂದ ಅಮ್ಮತ್ತಿಗೆ ವಾಪಸು ಬರುತ್ತಿದ್ದೆವು. ಕ್ಯಾರಿಯರಿನ ಮೇಲೆ ಅಕ್ಕ ಕೊಟ್ಟ ಬಾಳೆಗೊನೆಯನ್ನು ಸೈಕಲ್ ಟ್ಯೂಬಿನಿಂದ ಬಿಗಿದಿದ್ದರು. ಕಾಡಂಚಿನ ರಸ್ತೆಯಲ್ಲಿ ಬೈಕ್ ಪಟಪಟ ಎಂದು ನಿಂತೇ ಹೋಯಿತು. ಹೊತ್ತು ಮುಳುಗುತ್ತಿತ್ತು. ಹಿಂದಿನಿಂದ ಬಂದ ಎಸ್ಟೇಟ್ ಜೀಪಿನ ಡ್ರೈವರ್ ನಿಲ್ಲಿಸಿದ.

"ಆನೆಗಳು ಕೆರೆ ಹತ್ರನೇ ಇದಾವೆ ಅಣ್ಣ. ಗಾಡಿ ಬಿಟ್ಟು ಇಬ್ರೂ ಹತ್ತಿ."

"ಬಿಟ್ಟು ಹೋದ್ರೆ ಬೆಳಗ್ಗೆ ಬಂದು ತಗಡು ಆರಿಸ್ಕೋಬೇಕಷ್ಟೆ. ಸ್ವಲ್ಪ ತಡಿ" ಎಂದರು ಅಜ್ಜ.

ಅಲ್ಲೇ ಒಂದು ಸ್ಕೂಟರನ್ನು ಆನೆ ತುಳಿದು ಹೆಚ್ಚು ದಿನವಾಗಿರಲಿಲ್ಲ. ಅಜ್ಜ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಕೂಲಿಯವರ ಹಾಜರಿ ಬರೆಯುವ ರೈಟರು. ಬೆಳಗಿನ ಹಾಜರಿ ಹೊತ್ತಿಗೆ ಬಸ್ಸಿಲ್ಲ. ಬೈಕ್ ಹೋದರೆ ಕೆಲಸವೂ ಹೋದಂತೆ.

ಪ್ಲಗ್ ಬಿಚ್ಚಿ, ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರು. ಕಿಡಿ ಬಂತು. ಒರೆಸಿ ವಾಪಸು ಹಾಕಿ ಎಷ್ಟು ಒದ್ದರೂ ಹೊರಡಲಿಲ್ಲ. "ಕಿಡಿ ಸರಿ ಇದೆ. ಕಾರ್ಬೊರೇಟರೇ ಬಿಚ್ಬೇಕು" ಎಂದು ಸ್ಪ್ಯಾನರ್ ತೆಗೆದರು.

ನಾನು ಆಚೆ ಬದಿಯಲ್ಲಿ ನಿಂತಿದ್ದೆ. ಕತ್ತಲಾಗುತ್ತಾ ಬಂದಂತೆ ಪ್ರತಿ ಕಿಕ್ಕಿಗೂ ಟ್ಯಾಂಕಿನ ಅಡಿ ಒಂದು ನೀಲಿ ಚುಕ್ಕೆ ಕಾಣುತ್ತಿತ್ತು. ಪರಗಂಡಸಿನ ಎದುರು ಹೇಳುವುದೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಸ್ಪ್ಯಾನರ್ ಕಂಡ ಮೇಲೆ ತಡೆಯಲಾಗಲಿಲ್ಲ.

"ರೀ, ಅಲ್ಲಿ ಏನೋ ಮಿಣುಕ್ತದೆ."

"ಮಿಂಚುಹುಳ ಇರ್ಬೇಕು ಮಾರಾಯ್ತಿ."

"ನೀವು ಕಿಕ್ ಹೊಡ್ದಾಗ ಮಾತ್ರ ಮಿಣುಕೋ ಹುಳ ಯಾವ್ದದು?"

ಡ್ರೈವರ್ ನಕ್ಕುಬಿಟ್ಟ. "ಅಕ್ಕ ಹೇಳಿದ್ದನ್ನ ನೋಡಿ ಅಣ್ಣ!"

ಅಜ್ಜ ಬಗ್ಗಿದರು. ಪ್ಲಗ್ ವೈರು ಫ್ರೇಮಿಗೆ ಉಜ್ಜಿ ಉಜ್ಜಿ ಅದರ ರಬ್ಬರ್ ಬಿರುಕು ಬಿಟ್ಟಿತ್ತು. ಕಿಡಿ ಪ್ಲಗ್ಗಿನವರೆಗೆ ಹೋಗದೆ ಅಲ್ಲೇ ಕಬ್ಬಿಣಕ್ಕೆ ಹಾರುತ್ತಿತ್ತು. ಹೊರಗಿಟ್ಟ ಪ್ಲಗ್ಗಿನಲ್ಲಿ ಕಿಡಿ ಹಾರುವುದು ಸುಲಭ, ಇಂಜಿನ್ನಿನ ಒತ್ತಡದೊಳಗೆ ಕಷ್ಟ, ಅದಕ್ಕೇ ತಾವು ಮೋಸ ಹೋದದ್ದು ಎಂದು ಅಜ್ಜ ಆಮೇಲೆ ಹೇಳಿದರು. ಗೊನೆ ಕಟ್ಟಿದ್ದ ಟ್ಯೂಬನ್ನು ಸೀಳಿ ವೈರಿಗೆ ಸುತ್ತಿ, ಫ್ರೇಮಿನಿಂದ ದೂರ ಎಳೆದು ಕಟ್ಟಿದರು. ಬೈಕ್ ಹೊರಟಿತು. ಗೊನೆ ಜೀಪಿನಲ್ಲಿ ಬಂತು. ಡ್ರೈವರ್ ಬಾಡಿಗೆಯೆಂದು ಅದರಿಂದ ಒಂದು ಚಿಪ್ಪು ಬಾಳೆ ಮುರಿದುಕೊಂಡ.

ಆಮೇಲೆ ಗಾಡಿ ಕೆಟ್ಟಾಗಲೆಲ್ಲ ಅಜ್ಜ ಅಂಗಳದಿಂದ, "ಬಾರೇ, ಹುಳ ನೋಡು" ಎಂದು ಕೂಗುತ್ತಿದ್ದರು.

ಆ ಟ್ಯೂಬಿನ ಸುತ್ತು ಈಗ ಒಣಗಿ ಬಿಟ್ಟುಕೊಂಡಿರಬಹುದು. ಇವತ್ತು ಸಂಜೆ ಶೆಡ್ಡಿನ ಲೈಟ್ ಆರಿಸಿ ಕಿಕ್ ಹೊಡೆಯಿರಿ. ನಾನು ಆಚೆ ಬದಿಯಲ್ಲಿ ನಿಂತಿರುತ್ತೇನೆ.