ಯಾರದೂ ಅಲ್ಲದ ಸರ್ವರ್

ಶಹಾಪುರದ ಹತ್ತಿ ವರ್ತಕರ ಸಂಘಕ್ಕೆ ಬಸವೇಶ್ವರಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದ್ದು ಮದುವೆಗೆ ಮುಂಚೆ. ಈಗ ಮಗಳು ಎಂಟನೆಯ ತರಗತಿ. ಬಸವೇಶ್ವರಿ ಈಗ ಸಂಘದ ಸರ್ವರ್ ಕೋಣೆಯ ಉಸ್ತುವಾರಿ. ಸುತ್ತಲಿನ ಶಾಖೆಗಳ ಲೆಕ್ಕವೆಲ್ಲ ಅಲ್ಲಿನ ಯಂತ್ರಗಳಲ್ಲೇ ಇತ್ತು. ಹೊರಗೆ ಬಿಸಿಲು ಹಂಚಿನಂತೆ ಕಾದಿದ್ದರೂ ಒಳಗೆ ಏಸಿಯ ತಂಪಿಗೆ ಆಕೆ ಶಾಲು ಹೊದ್ದು ಕೂರಬೇಕು. ಹಗಲಿರುಳು ಗುಂಯ್‌ಗುಡುವ ಆ ಯಂತ್ರಗಳು ಪಾಪ ಎಷ್ಟು ದುಡಿಯುತ್ತವೆ ಎಂದೇ ಆಕೆಯ ನಂಬಿಕೆ.

ಹೋದ ವರ್ಷ ಕರೆಂಟ್ ಖರ್ಚು ತಗ್ಗಿಸಲೆಂದು ಯಾದಗಿರಿಯಿಂದ ಲಕ್ಷ್ಮಿಕಾಂತ ಎಂಬ ಎಂಜಿನಿಯರ್ ಬಂದ. ಬಹಳ ಹೊತ್ತು ಪರದೆ ನೋಡಿ ನಕ್ಕ.

"ಅಕ್ಕಾರ, ಇದರಾಗ ದುಡಿಯಾಕತ್ತಿದ್ದು ಎರಡೇ. ಉಳಿದವು ಹೆಚ್ಚೂಕಡಿಮಿ ಸುಮ್ನ ಕುಂತಾವ."

"ಕುಂತಾವಂದ್ರ? ಮುಟ್ಟಿದ್ರ ಕೈ ಸುಡ್ತಾವಲ್ರಿ!"

"ಸುರಪುರ ಬಸ್ಸಿನಾಗ ಇಬ್ಬರೇ ಇದ್ರೂ ಡೀಸೆಲ್ ಸುಡತೈತಿಲ್ಲ? ಇಷ್ಟೂ ಬಸ್ಸಿನ ಮಂದೀನ ಎರಡರಾಗ ಕುಂದ್ರಿಸಿ, ಉಳಿದವನ್ನ ಡಿಪೋಕ್ಕ ಕಳಸೂಣ್ರಿ."

ಬಸ್ಸಿನ ಮಾತು ತಿಳಿಯಿತು. ದುಡಿಯದವು ಇಷ್ಟು ದಿನ ಗುಂಯ್‌ಗುಟ್ಟಿದ್ದೇಕೆಂಬುದು ತಿಳಿಯಲಿಲ್ಲ. ಕೆಲಸಗಳನ್ನೆಲ್ಲ ಎರಡು ಯಂತ್ರಗಳಿಗೆ ಸಾಗಿಸಿದ್ದಾಯಿತು. ಮೂಲೆಯ ಹಳೆಯದೊಂದನ್ನು ಮಾತ್ರ ಯಾವ ಶಾಖೆಯೂ ತನ್ನದೆನ್ನಲಿಲ್ಲ.

"ಬಂದ್ ಮಾಡ್ರಿ. ಯಾರದೈತೋ ಅವರ ಒದರಿಕೊಂತ ಬರ್ತಾರ," ಎಂದ ಲಕ್ಷ್ಮಿಕಾಂತ.

ಬಸವೇಶ್ವರಿ ಅಳುಕುತ್ತಲೇ ಸ್ವಿಚ್ ಒತ್ತಿದಳು. ಕೆಲವು ವಾರ ಯಾರೂ ಒದರಲಿಲ್ಲ. ಆಮೇಲೆ ಬಂದವಳು ರಂಗಂಪೇಟೆಯ ಭೀಮವ್ವ, ತುಂಡು ಹೊಲದಲ್ಲಿ ಹತ್ತಿ ಬೆಳೆಯುವ ಮುದುಕಿ.

"ಸೋಮಾರಕ್ಕೊಮ್ಮಿ ನಿಮ್ಮ ಹುಡುಗಿ ಫೋನ್ ಮಾಡಿ ಧಾರಣಿ ಹೇಳತಿದ್ಲು. ಈಗ ಮಾಡವಲ್ಲಳು. ಆರಾಮ ಅದಾಳಿಲ್ಲ? ಲಗ್ನಾಗಿ ಹೋದ್ಲೇನು?"

"ಯಾವ ಹುಡುಗಿ, ಯವ್ವಾ? ಇಲ್ಲಿ ಇರಾಕಿ ನಾ ಒಬ್ಬಾಕಿನೇ!"

ಮುದುಕಿ ಒಪ್ಪಲಿಲ್ಲ. ಬಸವೇಶ್ವರಿ ಲಕ್ಷ್ಮಿಕಾಂತನನ್ನು ಕರೆಸಿದಳು. ಆತ ಮೂಲೆಯ ಯಂತ್ರ ಚಾಲೂ ಮಾಡಿ ಹುಡುಕಿದ. ಒಳಗಿಂದ ಎಳೆಯ ದನಿಯೊಂದು ಬಂತು: "ನಮಸ್ಕಾರ. ಇಂದಿನ ಹತ್ತಿ ಧಾರಣೆ..."

"ಈಕಿನೇ!" ಎಂದಳು ಭೀಮವ್ವ.

ಬಸವೇಶ್ವರಿ ಯಂತ್ರದತ್ತ ಬಾಗಿ ಕಿವಿಗೊಟ್ಟಳು. ಅದು ತನ್ನದೇ ದನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಹೇಬರೊಬ್ಬರು ಪ್ರಯೋಗಕ್ಕೆಂದು ಆಕೆಯಿಂದ ನಮಸ್ಕಾರ, ಅಂಕಿಗಳನ್ನೆಲ್ಲ ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಅವರಿಗೆ ವರ್ಗವಾಯಿತು, ಈಕೆ ಮರೆತಳು. ಯಂತ್ರ ಮಾತ್ರ ಕಚೇರಿಯಲ್ಲಿ ದಿನವೂ ತುಂಬುವ ದರಕ್ಕೆ ಆ ಮಾತುಗಳನ್ನು ಜೋಡಿಸಿ ವಾರವಾರವೂ ರೈತರಿಗೆ ಫೋನ್ ಮಾಡುತ್ತಲೇ ಇತ್ತು. ಓದು ಬಲ್ಲವರೆಲ್ಲ ವಾಟ್ಸಾಪ್ ಹಿಡಿದಿದ್ದರು. ಕೇಳುವವರು ಭೀಮವ್ವನಂಥ ಬೆರಳೆಣಿಕೆಯ ಮಂದಿ.

"ಯವ್ವಾ, ಇದು ನನ್ನ ದನಿ."

ಭೀಮವ್ವ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ಸುಳ್ಳ ಹೇಳಬ್ಯಾಡ. ಆಕಿ ಎಷ್ಟು ಮೆತ್ತಗ ಮಾತಾಡ್ತಾಳ. ನೀ ನೋಡಿದ್ರ ಗುಡುಗಿದಂಗ ಮಾಡ್ತಿ."

ಇಷ್ಟು ವರ್ಷ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ತನ್ನ ಗಂಟಲು ದಪ್ಪಗಾದದ್ದು ಬಸವೇಶ್ವರಿಗೆ ಹೊಳೆದದ್ದು ಆಗಲೇ.

ಲಕ್ಷ್ಮಿಕಾಂತ ಆ ಕೆಲಸವನ್ನೂ ದುಡಿಯುವ ಯಂತ್ರಕ್ಕೆ ಸಾಗಿಸಿ, ಹಳೆಯದನ್ನು ಮತ್ತೆ ಬಂದ್ ಮಾಡಿದ. ಕರೆಂಟ್ ಖರ್ಚು ಅರ್ಧಕ್ಕಿಳಿಯಿತು. ಸೋಮವಾರದ ಫೋನ್ ಮತ್ತೆ ಹೋಗತೊಡಗಿತು.

"ಹಂಗಾದ್ರ ಆ ಹಳೇ ಯಂತ್ರ ದುಡಿತಿತ್ತೋ, ಸುಮ್ನ ಕುಂತಿತ್ತೋ?" ಎಂದು ಬಸವೇಶ್ವರಿ ಕೇಳಿದಳು.

ಲಕ್ಷ್ಮಿಕಾಂತ ತಲೆ ಕೆರೆದುಕೊಂಡ. "ಲೆಕ್ಕದಾಗ ಸುಮ್ನ ಕುಂತಿತ್ರಿ," ಎಂದ. ಆಮೇಲೆ, "ನನಗೂ ಬರೋಬ್ಬರಿ ಗೊತ್ತಾಗವಲ್ದು, ಅಕ್ಕಾರ," ಎಂದು ಸೇರಿಸಿದ.