ಮಾಳವ್ವನ ಹೇನಿನ ತಪಾಸಣೆ

ಉಣಕಲ್ಲಿನ ಮಾಳವ್ವ ಹೂಂ ಅನ್ನದೆ ಸುತ್ತಲಿನವರು ಕುರಿ ಕೊಳ್ಳುವುದಿಲ್ಲ. ಆಕೆ ಮೊದಲು ಮಾರುವವನ ಕುರಿದೊಡ್ಡಿಯ ಬೇಲಿ ಸವರುತ್ತಾಳೆ. ಉಣ್ಣೆ ಸಿಕ್ಕರೆ ಕುರಿಗಳು ತುರಿಕೆ ತಾಳದೆ ಅಲ್ಲಿ ಮೈ ತಿಕ್ಕಿವೆ ಎಂದರ್ಥ. ಆಮೇಲೆ ಕುರಿಯ ಉಣ್ಣೆಯನ್ನು ಬೈತಲೆಯಂತೆ ಬಿಡಿಸಿ, "ನೀನ ನೋಡಪಾ, ಹೇನ ಅದಾವೇನು?" ಎಂದು ಮಾರುವವನನ್ನೇ ಬಗ್ಗಿಸುತ್ತಾಳೆ. "ಒಂದೂ ಇಲ್ಲಬೇ ಯವ್ವಾ!" ಎನ್ನುವುದು ಎಲ್ಲರ ಉತ್ತರ. ಆದರೆ ಹೇನು ಕಂಡವನ ಕೈ ತಾನಾಗಿ ತಲೆಗೆ ಹೋಗುತ್ತದೆ. ಪರಪರ ಸದ್ದು ಕೇಳಿದೊಡನೆ ಮಾಳವ್ವ, "ಮತ್ತ ನೀ ಯಾಕ ಕೆರಕೊಳ್ಳಾಕತ್ತಿ?" ಎನ್ನುತ್ತಾಳೆ. ವ್ಯಾಪಾರ ಅಲ್ಲಿಗೆ ಮುರಿಯುತ್ತದೆ. ಎರಡು ವರ್ಷದಿಂದ ಆಕೆಯ ಕಣ್ಣು ಮಂಜಾಗಿದೆ. ಜನಕ್ಕೆ ತಿಳಿದರೆ ಮರುದಿನದಿಂದ ಯಾರೂ ಕರೆಯುವುದಿಲ್ಲ. ತಿಳಿದವನು ಗಂಡ ಮೈಲಾರಪ್ಪ ಒಬ್ಬನೇ. ಹೋದಲ್ಲೆಲ್ಲ ಆಕೆಯ ಕೈ ಹಿಡಿದೇ ನಡೆಯುತ್ತಾನೆ. "ಈ ವಯಸ್ಸಿನ್ಯಾಗೂ ಇದೇನ್ರೀ ಕಾಕಾ!" ಎಂದು ಹುಡುಗರು ಕಿಚಾಯಿಸಿದರೆ, "ಏನ ಮಾಡ್ಲೋ ತಮ್ಮಾ, ಕೈ ಬಿಡಾಕ ಮನಸ ಆಗವಲ್ದು" ಎನ್ನುತ್ತಲೇ ಮುಂದಿನ ಕಲ್ಲು ತಪ್ಪಿಸಿ ಕರೆದೊಯ್ಯುತ್ತಾನೆ.